ಲೋಕದೊಂದಿಗೆ ರಾಜಿ: ಸೊಲೊಮೋನನ ಜೀವಿತದಿಂದ ಒಂದು ಎಚ್ಚರಿಕೆ

 

ದೇವರ ಪ್ರಿಯ ಮಕ್ಕಳೇ, ಈ ದಿವಸ ನಾವು ಒಂದೇ ವಚನವನ್ನು ಧ್ಯಾನ ಮಾಡುವುದಿಲ್ಲ, ಒಬ್ಬ ಮನುಷ್ಯನ ಇಡೀ ಜೀವಿತವನ್ನು ನೋಡಲಿಕ್ಕಿದ್ದೇವೆ. 1 ಅರಸುಗಳು ಮೊದಲನೇ ಅಧ್ಯಾಯದಿಂದ 14ನೇ ಅಧ್ಯಾಯದವರೆಗೆ ಮನೆಗೆ ಹೋಗಿ ನೀವೇ ಓದಿ. ಈಗ ನಾನು ಅದನ್ನು ನನ್ನ ಮಾತಿನಲ್ಲಿ ಹೇಳ್ತೀನಿ.

ವಾರದ ಆರು ದಿನ ನಾನೂ ನಿಮ್ಮ ಹಾಗೇ ಕೆಲಸಕ್ಕೆ ಹೋಗಿ ಬರುವವನು. ಲೋಕ ನಮ್ಮ ಹತ್ತಿರ ಬಂದು ಯೇಸುವನ್ನು ಬಿಟ್ಟುಬಿಡು ಅಂತ ಕೇಳೋದಿಲ್ಲ. ಯೇಸು ಇರಲಿ, ಜೊತೆಗೆ ಇದೂ ಇರಲಿ ಅಂತ ಕೇಳುತ್ತೆ. ಅಪಾಯ ಇರೋದು ಆ "ಜೊತೆಗೆ" ಅನ್ನೋ ಮಾತಿನಲ್ಲಿ. ಸೊಲೊಮೋನನು ಬಿದ್ದದ್ದು ಅಲ್ಲಿಯೇ.

ಅವನ ಹುಟ್ಟಿನಿಂದ ಶುರು ಮಾಡೋಣ. ದಾವೀದನಿಗೂ ಬತ್ಷೆಬೆಗೂ ಮೊದಲು ಹುಟ್ಟಿದ ಮಗು ಸತ್ತುಹೋಗಿತ್ತು. ಆ ಕಣ್ಣೀರಿನ ಮನೆಯಲ್ಲಿ ಹುಟ್ಟಿದವನು ಸೊಲೊಮೋನ. ದೇವರು ಪ್ರವಾದಿಯಾದ ನಾತಾನನನ್ನು ಕಳುಹಿಸಿ ಆ ಕೂಸಿಗೆ ಯೆದೀದ್ಯ ಎಂಬ ಇನ್ನೊಂದು ಹೆಸರನ್ನು ಕೊಡಿಸಿದನು. ಯೆಹೋವನಿಗೆ ಪ್ರಿಯನಾದವನು ಅಂತ ಅದರ ಅರ್ಥ. ಅವನು ಒಂದು ಒಳ್ಳೆಯ ಕೆಲಸವನ್ನೂ ಮಾಡುವ ಮುಂಚೆ, ತೊಟ್ಟಿಲಲ್ಲಿ ಇರುವಾಗಲೇ ದೇವರು ಅವನನ್ನು ಪ್ರೀತಿಸಿದನು. ನಮ್ಮ ರಕ್ಷಣೆಯೂ ಹೀಗೇ ಅಲ್ವಾ? ಹಲ್ಲೆಲೂಯಾ.

ಕ್ರಿ.ಪೂ. 970ರ ಸುಮಾರಿಗೆ ಅವನು ಅರಸನಾದ. ದಾವೀದನು ಸಾಯುವ ಮುಂಚೆ ಮಗನನ್ನು ಕರೆದು, ಮೋಶೆಯ ಧರ್ಮಶಾಸ್ತ್ರವನ್ನು ಬಿಡಬೇಡ ಅಂತ ಆಜ್ಞಾಪಿಸಿ ಹೋದ. ಸೊಲೊಮೋನನು ಗಿಬ್ಯೋನಿಗೆ ಹೋಗಿ 1,000 ಸರ್ವಾಂಗಹೋಮಗಳನ್ನು ಅರ್ಪಿಸಿದ. ಆ ರಾತ್ರಿ ದೇವರು ಕನಸಿನಲ್ಲಿ ಕಾಣಿಸಿಕೊಂಡು, ಏನು ಬೇಕೋ ಕೇಳು ಅಂದಾಗ ಅವನು ಹಣ ಕೇಳಲಿಲ್ಲ, ದೀರ್ಘಾಯುಷ್ಯ ಕೇಳಲಿಲ್ಲ, ವೈರಿಗಳ ಪ್ರಾಣ ಕೇಳಲಿಲ್ಲ. ಜನರಿಗೆ ನ್ಯಾಯ ತೀರಿಸುವ ವಿವೇಕವನ್ನು ಕೇಳಿದ. ಎಷ್ಟು ಚೆನ್ನಾದ ಪ್ರಾರ್ಥನೆ! ದೇವರಿಗೆ ಸಂತೋಷವಾಗಿ, ಅವನು ಕೇಳದೇ ಇದ್ದದ್ದನ್ನೂ ಸೇರಿಸಿ ಕೊಟ್ಟನು. ಅವನು 3,000 ಜ್ಞಾನೋಕ್ತಿಗಳನ್ನು ಹೇಳಿದ, 1,005 ಹಾಡುಗಳನ್ನು ರಚಿಸಿದ ಅಂತ ಸತ್ಯವೇದ ಲೆಕ್ಕ ಕೊಡುತ್ತೆ.

ಆದರೆ ಈ ಕನಸು ಇರುವುದು 3ನೇ ಅಧ್ಯಾಯದಲ್ಲಿ. ಆ ಅಧ್ಯಾಯದ ಮೊದಲನೇ ವಚನವನ್ನು ನಾವು ದಾಟಿಕೊಂಡು ಹೋಗಿಬಿಡ್ತೀವಿ. ಗಿಬ್ಯೋನಿನ ಕನಸನ್ನು ಹೇಳುವ ಮುಂಚೆಯೇ ಸತ್ಯವೇದ ಒಂದು ಮದುವೆಯನ್ನು ಹೇಳುತ್ತೆ. ಸೊಲೊಮೋನನು ಐಗುಪ್ತದ ಫರೋಹನ ಅಳಿಯನಾದ. ಯಾವ ಐಗುಪ್ತ? ಇವನ ಪಿತೃಗಳು ಇಟ್ಟಿಗೆ ಮಾಡಿದ ಐಗುಪ್ತ. ದೇವರು ಹತ್ತು ಬಾಧೆಗಳನ್ನು ತಂದು, ಕೆಂಪು ಸಮುದ್ರವನ್ನು ಸೀಳಿ ಯಾವ ದೇಶದಿಂದ ಬಿಡಿಸಿಕೊಂಡು ಬಂದನೋ ಅದೇ ದೇಶದ ಜೊತೆ ಬೀಗತನ.

ಲೋಕದ ಕಣ್ಣಿಗೆ ಇದು ಬಹಳ ಒಳ್ಳೆ ಸಂಬಂಧ. ವರದಕ್ಷಿಣೆ ಕೂಡ ಬಂತು. ಫರೋಹನು ಗೆಜೆರ್ ಎಂಬ ಪಟ್ಟಣವನ್ನು ಹಿಡಿದು, ಬೆಂಕಿಯಿಂದ ಸುಟ್ಟು, ಅಲ್ಲಿದ್ದ ಕಾನಾನ್ಯರನ್ನು ಕೊಂದು, ಅದನ್ನು ಮಗಳಿಗೆ ಬಳುವಳಿಯಾಗಿ ಕೊಟ್ಟ ಅಂತ 9ನೇ ಅಧ್ಯಾಯದಲ್ಲಿದೆ. ಒಂದು ಇಡೀ ಪಟ್ಟಣ! ಗಡಿಯಲ್ಲಿ ಶಾಂತಿ, ಕೈಗೆ ಒಂದು ಊರು, ದೊಡ್ಡ ಮನೆತನದ ಹೆಸರು. ಯಾರು ಬೇಡ ಅಂತಾರೆ? ನಮ್ಮ ಸಭೆಯಲ್ಲೂ ಮದುವೆಯ ಮಾತುಕತೆ ನಡೀತಾ ಇರುವ ಮನೆಗಳಿವೆ. ಪ್ರಾರ್ಥನೆಗೆ ಅಂತ ಕೂತು, ಆಮೆನ್ ಹೇಳಿ, ಆಮೇಲೆ ಕಾರು ಎಷ್ಟು, ಚಿನ್ನ ಎಷ್ಟು ಅಂತ ಮಾತು ಶುರುವಾಗೋದನ್ನು ನಾವು ನೋಡಿದ್ದೀವಿ. ಇದು ವರದಕ್ಷಿಣೆ ಅಲ್ಲ, ಪ್ರೀತಿಯ ಕಾಣಿಕೆ ಅಂತ ಹೆಸರು ಬದಲಾಯಿಸ್ತೀವಿ. ಕಾಣಿಕೆಯಾಗಿ ಬಂದ ಗೆಜೆರ್ ಸುಟ್ಟುಹೋದ ಊರು ಅನ್ನೋದನ್ನು ಮಾತ್ರ ಮರೀಬೇಡಿ.

ಈಗ ದೇವಾಲಯಕ್ಕೆ ಬನ್ನಿ. ತನ್ನ ಆಳ್ವಿಕೆಯ 4ನೇ ವರ್ಷದಲ್ಲಿ ಅವನು ಕಟ್ಟಲಿಕ್ಕೆ ಶುರು ಮಾಡಿದ. ತೂರಿನ ಅರಸನಾದ ಹೀರಾಮನಿಂದ ಲೆಬನೋನಿನ ದೇವದಾರು ಮರ ಬಂತು. 7 ವರ್ಷಗಳಲ್ಲಿ ಕೆಲಸ ಮುಗೀತು. ಪ್ರತಿಷ್ಠೆಯ ದಿವಸ ಮೇಘವು ಆಲಯವನ್ನು ತುಂಬಿಕೊಂಡಿತು, ಯಾಜಕರು ನಿಂತು ಸೇವೆ ಮಾಡಲಿಕ್ಕೆ ಆಗಲಿಲ್ಲ. ಅಂಥಾ ಮಹಿಮೆ! ಪವಿತ್ರಾತ್ಮನ ಅಭಿಷೇಕ ಇಳಿದ ಕೂಟಗಳನ್ನು ನಾವು ಕಂಡಿದ್ದೀವಿ, ಆದರೆ ಅಂಥಾದ್ದನ್ನು ಕಂಡಿಲ್ಲ. ಅದಾದ ಮೇಲೆ ದೇವರು ಎರಡನೇ ಸಲ ಅವನಿಗೆ ಕಾಣಿಸಿಕೊಂಡು, ನೀನು ತಿರುಗಿಬಿದ್ದರೆ ಈ ಆಲಯವನ್ನೇ ನಾನು ಬಿಟ್ಟುಬಿಡುವೆನು ಅಂತ ಸ್ಪಷ್ಟವಾಗಿ ಎಚ್ಚರಿಸಿದನು.

ಈ ಕಾಲದ ಒಂದು ಸಂಗತಿ 2 ಪೂರ್ವಕಾಲವೃತ್ತಾಂತ 8ನೇ ಅಧ್ಯಾಯದಲ್ಲಿದೆ. ಸೊಲೊಮೋನನು ಫರೋಹನ ಮಗಳನ್ನು ದಾವೀದನ ಪಟ್ಟಣದಿಂದ ಬೇರೆ ಮನೆಗೆ ಕರಕೊಂಡು ಹೋದ. ಯಾಕೆ? ದೇವರ ಮಂಜೂಷ ಬಂದ ಸ್ಥಳ ಪರಿಶುದ್ಧ, ಅಲ್ಲಿ ಇವಳು ವಾಸ ಮಾಡಬಾರದು ಅಂತ. ನೋಡಿ, ಅವನಿಗೆ ಗೊತ್ತಿತ್ತು! ಮನಸ್ಸಾಕ್ಷಿ ಚುಚ್ಚುತ್ತಾ ಇತ್ತು. ಆದರೆ ಅವನು ಮಾಡಿದ್ದೇನು? ವಿಷಯವನ್ನು ದೇವರ ಮುಂದೆ ತಂದು ಸರಿಮಾಡಿಕೊಳ್ಳಲಿಲ್ಲ. ವಿಳಾಸ ಬದಲಾಯಿಸಿದ. ಪರಿಶುದ್ಧವಾದದ್ದಕ್ಕೆ ಒಂದು ಮನೆ, ಲೋಕಕ್ಕೆ ಇನ್ನೊಂದು ಮನೆ. ಎರಡನ್ನೂ ಕಟ್ಟಿದವನು ಒಬ್ಬನೇ. ನಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇಂಥಾ ಎರಡನೇ ಮನೆ ಇದೆ! ಭಾನುವಾರದ ಜಾಗಕ್ಕೆ ಅದನ್ನು ತರೋದಿಲ್ಲ. ಅಷ್ಟರಮಟ್ಟಿಗೆ ಭಯಭಕ್ತಿ ಇದೆ. ಆದರೆ ಬಿಡೋದೂ ಇಲ್ಲ.

ದೇವರ ಆಲಯಕ್ಕೆ 7 ವರ್ಷ ಅಂತ ಹೇಳಿದೆ. ತನ್ನ ಸ್ವಂತ ಅರಮನೆಗೆ 13 ವರ್ಷ. ಮೋಶೆಯು ಧರ್ಮೋಪದೇಶಕಾಂಡ 17ನೇ ಅಧ್ಯಾಯದಲ್ಲಿ ಅರಸನಿಗೆ ಮೂರು ಬೇಲಿ ಹಾಕಿದ್ದ: ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಅದಕ್ಕಾಗಿ ಐಗುಪ್ತದ ಕಡೆಗೆ ಹೋಗಬಾರದು, ಬಹುಮಂದಿ ಹೆಂಡತಿಯರು ಬೇಡ, ಬೆಳ್ಳಿಬಂಗಾರವನ್ನು ಅತಿಯಾಗಿ ಕೂಡಿಸಬಾರದು. ಈಗ 10ನೇ ಅಧ್ಯಾಯವನ್ನು ಲೆಕ್ಕ ಹಾಕಿ. ಒಂದು ವರ್ಷಕ್ಕೆ ಬಂದ ಬಂಗಾರ 666 ತಲಾಂತು, ನಮ್ಮ ಅಳತೆಯಲ್ಲಿ ಹೆಚ್ಚುಕಡಿಮೆ 20 ಟನ್. ರಥಗಳು 1,400, ರಾಹುತರು 12,000. ಕುದುರೆ ತರಿಸಿದ್ದು ಐಗುಪ್ತದಿಂದ, ಒಂದಕ್ಕೆ 150 ಬೆಳ್ಳಿ ನಾಣ್ಯ. 11ನೇ ಅಧ್ಯಾಯಕ್ಕೆ ಬಂದರೆ 700 ಮಂದಿ ರಾಣಿಯರು, 300 ಮಂದಿ ಉಪಪತ್ನಿಯರು. ಮೂರು ಬೇಲಿಯನ್ನೂ ದಾಟಿಯಾಯಿತು. ಆದರೆ ಆ ವರ್ಷಗಳಲ್ಲಿ ಯಾರಾದರೂ ಅವನನ್ನು ನೋಡಿ ಬಿದ್ದುಹೋದವನು ಅಂತ ಹೇಳ್ತಾ ಇದ್ದರಾ? ಇಲ್ಲ. ಶೆಬದ ರಾಣಿ ಬಂದು ನೋಡಿ ಬೆರಗಾಗಿ ಹೋದಳು. ದೊಡ್ಡ ಆಶೀರ್ವಾದ ಅಂತ ಎಲ್ಲರೂ ಅಂದುಕೊಂಡರು. ಆಶೀರ್ವಾದವನ್ನೇ ದೇವರ ಒಪ್ಪಿಗೆಯ ರಸೀದಿ ಅಂತ ತಿಳಕೊಳ್ಳೋದು ಬಹಳ ಅಪಾಯ, ದೇವಜನರೇ.

ಮುಪ್ಪಿನಲ್ಲಿ ಅವನ ಹೃದಯ ತಿರುಗಿತು. ಯೆರೂಸಲೇಮಿನ ಪೂರ್ವಕ್ಕಿರುವ ಗುಡ್ಡದಲ್ಲಿ ಮೋವಾಬ್ಯರ ಕೆಮೋಷನಿಗೂ ಅಮ್ಮೋನಿಯರ ಮೋಲೆಕನಿಗೂ ಪೂಜಾಸ್ಥಳ ಕಟ್ಟಿಸಿದ. ಇಷ್ಟಾದರೂ ಅವನು ಯೆಹೋವನ ಆಲಯವನ್ನು ಮುಚ್ಚಿಸಲಿಲ್ಲ. ಈ ಕಡೆ ಯಾಜಕರು ಧೂಪ ಹಾಕ್ತಾ ಇದ್ದರು, ಎದುರಿನ ಗುಡ್ಡದಲ್ಲಿಯೂ ಹೊಗೆ ಏಳ್ತಾ ಇತ್ತು. ಒಬ್ಬನೇ ಅರಸ, ಎರಡು ಹೊಗೆ.

ಇದನ್ನು ಓದಿ ಆ ಹೆಂಗಸರ ಮೇಲೆ ತಪ್ಪು ಹೊರಿಸುವವರಿದ್ದಾರೆ. ನಾನು ಹಾಗೆ ಹೇಳೋದಿಲ್ಲ. ಅವರು ತಮ್ಮ ಊರಿನಲ್ಲಿ ಕಲಿತ ನಂಬಿಕೆಯನ್ನು ಬಿಡಲಿಲ್ಲ. ಬಿಟ್ಟವನು, ದೇವರನ್ನು ಎರಡು ಸಲ ಕಂಡ ಇವನು. ಪರದೇಶದವರು ಅನ್ನೋದೂ ಇಲ್ಲಿ ವಿಷಯ ಅಲ್ಲ. ಸೊಲೊಮೋನನ ವಂಶದಲ್ಲೇ ಒಬ್ಬ ಮೋವಾಬ್ಯ ಹೆಂಗಸು ಇದ್ದಳು, ರೂತಳು. ದಾವೀದನು ಅವಳ ಮರಿಮಗ. ಆ ಬಡ ವಿಧವೆ ಮೋವಾಬನ್ನೂ ಅದರ ದೇವತೆಯನ್ನೂ ಹಿಂದೆ ಬಿಟ್ಟು, ಅತ್ತೆಯ ಹಿಂದೆ ಬೇತ್ಲೆಹೇಮಿಗೆ ನಡಕೊಂಡು ಬಂದಳು. ಅವಳು ಬಿಟ್ಟುಬಂದ ಅದೇ ಕೆಮೋಷನಿಗೆ ಅವಳ ಮರಿಮಗನ ಮಗ ಯೆರೂಸಲೇಮಿನ ಎದುರಿಗೇ ಗುಡಿ ಕಟ್ಟಿಸಿದ. ನಿಮ್ಮ ಅಜ್ಜಿ ಅಮ್ಮಂದಿರು ಯೇಸುವಿಗಾಗಿ ಏನೇನು ಬಿಟ್ಟು ಬಂದರು ಅನ್ನೋದು ನಿಮಗೆ ಗೊತ್ತಾ, ತಮ್ಮಂದಿರೇ, ತಂಗಿಯರೇ? ಗೊತ್ತಿಲ್ಲದಿದ್ದರೆ ಈ ದಿವಸವೇ ಹೋಗಿ ಕೇಳಿ.

ಇನ್ನೊಂದು ಲೆಕ್ಕ ಹೇಳ್ತೀನಿ. ಸೊಲೊಮೋನನು ಆಳಿದ್ದು 40 ವರ್ಷ. ಅವನು ಸತ್ತ ಮೇಲೆ ಮಗ ರೆಹಬ್ಬಾಮನು ಪಟ್ಟಕ್ಕೆ ಬಂದಾಗ ಅವನ ವಯಸ್ಸು 41. ತಾಯಿ ನಯಮಾ, ಅಮ್ಮೋನಿಯಳು. 41ರಲ್ಲಿ 40 ಕಳೆಯಿರಿ. ಸೊಲೊಮೋನನು ಸಿಂಹಾಸನದಲ್ಲಿ ಕೂರುವಾಗಲೇ ಈ ಮಗು ತೊಟ್ಟಿಲಲ್ಲಿತ್ತು. ಗಿಬ್ಯೋನಿನ ಕನಸಿಗೆ ಮುಂಚೆ, ದೇವಾಲಯದ ಮೊದಲ ಕಲ್ಲಿಗೆ ಮುಂಚೆ, ಅಮ್ಮೋನಿನ ಸಂಬಂಧ ಮನೆಯೊಳಗೆ ಇತ್ತು. ಮುಪ್ಪಿನಲ್ಲಿ ಗುಡ್ಡದ ಮೇಲೆ ಕಾಣಿಸಿದ್ದು ಯೌವನದಲ್ಲಿ ಬಿತ್ತಿದ ಬೀಜ. ಈ ಲೆಕ್ಕ ಕಣ್ಣಿಗೆ ಬಿದ್ದ ದಿವಸ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ರಾಜಿ ಬಿದ್ದ ದಿವಸದಲ್ಲಿ ಹುಟ್ಟೋದಿಲ್ಲ. ಒಳ್ಳೆ ಪ್ರಾರ್ಥನೆ ಮಾಡ್ತಾ ಇರುವ ದಿವಸಗಳಲ್ಲೇ ಅದು ಪಕ್ಕದ ಕೋಣೆಯಲ್ಲಿ ಬೆಳೀತಾ ಇರುತ್ತೆ.

ಇದರ ಬೆಲೆ ಕೊಟ್ಟವರು ಯಾರು? ಸೊಲೊಮೋನನು ಪಿತೃಗಳ ಬಳಿಗೆ ಸೇರಿ ದಾವೀದನ ಪಟ್ಟಣದಲ್ಲಿ ಗೌರವವಾಗಿ ಸಮಾಧಿಯಾದ. ಬೆಲೆ ಕೊಟ್ಟವರು ಮಕ್ಕಳು. ಶೆಕೆಮಿನಲ್ಲಿ ಹತ್ತು ಕುಲಗಳು ರೆಹಬ್ಬಾಮನನ್ನು ಬಿಟ್ಟು ಹೋದವು. ಅವನ 5ನೇ ವರ್ಷದಲ್ಲಿ ಐಗುಪ್ತದ ಅರಸನಾದ ಶೀಶಕನು ಬಂದು, ದೇವಾಲಯದ ಮತ್ತು ಅರಮನೆಯ ಭಂಡಾರವನ್ನೂ ಸೊಲೊಮೋನನು ಮಾಡಿಸಿದ ಬಂಗಾರದ ಗುರಾಣಿಗಳನ್ನೂ ದೋಚಿಕೊಂಡು ಹೋದ. ಯಾವ ಐಗುಪ್ತದೊಂದಿಗೆ ಬೀಗತನ ಮಾಡಿದರೋ ಅದೇ ಐಗುಪ್ತ! ಆಗ ರೆಹಬ್ಬಾಮನು ತಾಮ್ರದ ಗುರಾಣಿ ಮಾಡಿಸಿದ. ಅರಸನು ಆಲಯಕ್ಕೆ ಹೋಗುವಾಗಲೆಲ್ಲಾ ಕಾವಲುಗಾರರು ಅವನ್ನೇ ಹಿಡಕೊಂಡು ಹೋಗ್ತಾ ಇದ್ದರು. ಮೆರವಣಿಗೆ ನಿಲ್ಲಲಿಲ್ಲ. ದೂರದಿಂದ ಅದೇ ಹೊಳಪು. ಆದರೆ ಬಂಗಾರ ಹೋಗಿತ್ತು. ಹಾಡು ಇದೆ, ಕೀಬೋರ್ಡ್ ಇದೆ, ಚಪ್ಪಾಳೆ ಇದೆ, ಅಭಿಷೇಕ ಇಲ್ಲ ಅಂದರೆ ಅದು ತಾಮ್ರದ ಗುರಾಣಿ.

ಇನ್ನೂ ಕೇಳಿ. ಸೊಲೊಮೋನನು ಮೋಲೆಕನಿಗೆ ಸ್ಥಳ ಮಾಡಿಕೊಟ್ಟ. ತಲೆಮಾರುಗಳು ಕಳೆದ ಮೇಲೆ ಅವನ ವಂಶದವರೇ ಆದ ಆಹಾಜನೂ ಮನಸ್ಸೆಯೂ ತಮ್ಮ ಸ್ವಂತ ಮಕ್ಕಳನ್ನು ಬೆಂಕಿಗೆ ಕೊಟ್ಟರು. ನಾವು ಸ್ವಲ್ಪ ಜಾಗ ಕೊಟ್ಟದ್ದಕ್ಕೆ ನಮ್ಮ ಮಕ್ಕಳು ಸ್ವಲ್ಪದರಲ್ಲೇ ನಿಲ್ಲೋದಿಲ್ಲ. ಅಪ್ಪ ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡು ಬಂದು ಊಟದ ಮುಂದೆ ಸ್ತೋತ್ರ ಹೇಳೋದನ್ನು ಮಗ ನೋಡ್ತಾ ಇರ್ತಾನೆ. ಅವನು ಸ್ತೋತ್ರವನ್ನು ಬಿಟ್ಟು ಲಂಚವನ್ನು ಮಾತ್ರ ಕಲೀತಾನೆ.

ಆದರೂ ನಿರೀಕ್ಷೆ ಇದೆ. ಸೊಲೊಮೋನನು ಕಟ್ಟಿಸಿದ ಆ ಪೂಜಾಸ್ಥಳಗಳು 300 ವರ್ಷಕ್ಕೂ ಮೇಲೆ ನಿಂತಿದ್ದವು. ಕಡೆಗೆ ಅವನ ವಂಶದ ಯೋಷೀಯನು ಎದ್ದ. ಎಂಟನೇ ವಯಸ್ಸಿಗೆ ಪಟ್ಟಕ್ಕೆ ಬಂದವನು. ದೇವಾಲಯದಲ್ಲಿ ಸಿಕ್ಕಿದ ಧರ್ಮಶಾಸ್ತ್ರದ ಗ್ರಂಥವನ್ನು ಓದಿಸಿ ಕೇಳಿದಾಗ ಬಟ್ಟೆ ಹರಿದುಕೊಂಡ. ಪೂರ್ವಿಕರು ಕಟ್ಟಿದ್ದು ಇರಲಿ ಅಂತ ಬಿಡಲಿಲ್ಲ. ಹೋಗಿ ಕೆಡವಿಬಿಟ್ಟ. ನಿಮ್ಮ ಮನೆತನದಲ್ಲಿ ಎಷ್ಟೇ ವರ್ಷಗಳಿಂದ ನಡಕೊಂಡು ಬಂದ ರಾಜಿಯಾಗಿರಲಿ, ಅದನ್ನು ಮುರಿಯಲಿಕ್ಕೆ ವಾಕ್ಯಕ್ಕೆ ನಡುಗುವ ಒಬ್ಬನು ಸಾಕು.

ಯೆರೂಸಲೇಮಿನ ಪೂರ್ವದ ಆ ಗುಡ್ಡದ ಸಾಲೇ ಎಣ್ಣೇಮರಗಳ ಗುಡ್ಡ. ಸೊಲೊಮೋನನಿಗಿಂತ ದೊಡ್ಡವನಾದ ದಾವೀದನ ಕುಮಾರನು ಅದೇ ಗುಡ್ಡದ ಬುಡದಲ್ಲಿ, ಗೆತ್ಸೇಮನೆಯಲ್ಲಿ, ಮೊಣಕಾಲೂರಿದನು. ಲೋಕದ ಎಲ್ಲಾ ರಾಜ್ಯಗಳನ್ನು ಸೈತಾನನು ತೋರಿಸಿದಾಗ ಬೇಡವೆಂದವನು ಆತನು. ಅಲ್ಲಿ ಬೆವರು ರಕ್ತದ ಹನಿಗಳಂತೆ ಬೀಳುತ್ತಿರುವಾಗಲೂ ತಂದೆಯ ಚಿತ್ತಕ್ಕೆ ಪೂರ್ತಿಯಾಗಿ ಒಪ್ಪಿಸಿಕೊಟ್ಟನು. ಮೊದಲನೆಯ ದಾವೀದನ ಮಗನು ಆ ಗುಡ್ಡದಲ್ಲಿ ಸೋತ, ಈತನು ಗೆದ್ದನು. ನಮ್ಮ ಬಲದಿಂದಲ್ಲ, ಆತನ ರಕ್ತದಿಂದ ನಮಗೆ ಜಯ.

ಈಗ ಎಲ್ಲರೂ ಕಣ್ಣು ಮುಚ್ಚಿ. ಆ ಎರಡನೇ ಮನೆ ಯಾವುದು ಅಂತ ನಾನು ಕೇಳೋದಿಲ್ಲ. ನಿಮಗೂ ಕರ್ತನಿಗೂ ಗೊತ್ತು. ಮದುವೆಯ ಲೆಕ್ಕವೋ, ವ್ಯಾಪಾರವೋ, ಮರೆಯಲ್ಲಿ ನೋಡುವುದೋ, ಈ ವಾರವೇ ಅದನ್ನು ಖಾಲಿ ಮಾಡ್ತೀನಿ ಅಂತ ತೀರ್ಮಾನಿಸುವವರು ಮುಂದೆ ಬನ್ನಿ, ಸೇರಿ ಪ್ರಾರ್ಥಿಸೋಣ. ತಂದೆಯೇ, ಹರಿದು ಹಂಚಿಹೋದ ನಮ್ಮ ಹೃದಯಗಳನ್ನು ಒಂದು ಮಾಡು. ತೊಟ್ಟಿಲಿನಿಂದ ನಮ್ಮನ್ನು ಪ್ರೀತಿಸಿದವನೇ, ಮುಪ್ಪಿನವರೆಗೆ ನಿನ್ನವರಾಗಿಯೇ ಕಾಯಿ. ನಮ್ಮ ಮಕ್ಕಳ ಕೈಗೆ ತಾಮ್ರವನ್ನಲ್ಲ, ಬಂಗಾರವನ್ನೇ ಒಪ್ಪಿಸುವಂತೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.