ಇಶಿಯ ಬತ್ತಳಿಕೆ

ಇನ್‌ಪ್ಲಾಂಟ್ ಟ್ರೈನಿಂಗ್ ಅಂತ ಕಳೆದ ರಜೆಯಲ್ಲಿ ನಾವು ಮೂರು ಜನ ತಾಂಡ್ಯ ಇಂಡಸ್ಟ್ರಿಯಲ್ ಏರಿಯಾಗೆ ದಿನಾ ಬಸ್ಸಲ್ಲಿ ಹೋಗಿ ಬರ್ತಿದ್ವಿ. ಒಂದು ಭಾನುವಾರ ತಿ. ನರಸೀಪುರದ ಕಡೆ ತಿರುಗಿ ಸೋಮನಾಥಪುರಕ್ಕೆ ಹೋದೆವು. 1258ರ ಹೊಯ್ಸಳ ದೇವಸ್ಥಾನ. ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತದ ಬಿಲ್ಲುಗಾರರು ಸಾಲುಸಾಲಾಗಿ ನಿಂತಿದ್ದಾರೆ. ಅಲ್ಲೇ ಜಗಳ ಶುರುವಾಯ್ತು. ಸಿನಿಮಾದಲ್ಲಿ ತೋರಿಸೋ ಹಾಗೆ ಬೆನ್ನಿಗೆ ಬಾಣ ಕಟ್ಟಿಕೊಂಡು ಯುದ್ಧ ಮಾಡಬಹುದು, ಆದರೆ ಜಿಂಕೆಯ ಹಿಂದೆ ಹೋಗೋಕೆ ಆಗುತ್ತಾ? ನಮ್ಮಲ್ಲಿ ಒಬ್ಬ ಆಗುತ್ತೆ ಅಂದ. ನಾನು ಆಗಲ್ಲ ಅಂದೆ. ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಇಶಿ ಎಂಬ ಮನುಷ್ಯನ ಕಥೆ. ಜಗಳ ಮರೆತೇಹೋಯ್ತು.

(ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಇದನ್ನು ಓದಿ ಯಾರೂ ಬಿಲ್ಲು ಹಿಡಿದು ಬಂಡೀಪುರಕ್ಕೆ ಹೋಗಬೇಡಿ.)

ಇಶಿ ಹುಟ್ಟಿದ್ದು 1860ರ ಆಸುಪಾಸು, ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಲ್ಯಾಸೆನ್ ಪರ್ವತದ ಪಶ್ಚಿಮದ ಕಣಿವೆಗಳಲ್ಲಿ. ಜನ ಯಾಹಿ. ಅವನು ಹುಟ್ಟುವ ಹೊತ್ತಿಗೆ ಚಿನ್ನದ ಹುಚ್ಚಿನ ಬಿಳಿಯರು ಬಂದು ಹತ್ತು ವರ್ಷ ಕಳೆದಿತ್ತು. ಹೊಳೆಗಳು ಕೆಟ್ಟವು, ಜಿಂಕೆ ಕಡಿಮೆಯಾಯ್ತು, ಹಸಿದ ಯಾಹಿಗಳು ದನ ಕದ್ದರು, ಅದಕ್ಕೆ ಪ್ರತಿಯಾಗಿ ಊರಿನವರು ಬಂದೂಕು ಹಿಡಿದು ಬಂದು ಹಳ್ಳಿಹಳ್ಳಿಯನ್ನೇ ಕೊಂದರು. 1865ರ ತ್ರೀ ನೋಲ್ಸ್ ಹತ್ಯಾಕಾಂಡ ನಡೆದಾಗ ಇಶಿ ಇನ್ನೂ ಸಣ್ಣ ಹುಡುಗ. ಮುಂದಿನ ಕೆಲವೇ ವರ್ಷಗಳಲ್ಲಿ ಯಾಹಿಗಳು ಮುಗಿದೇಹೋದರು ಅಂತ ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ. ಬೆರಳೆಣಿಕೆಯ ಜನ ಡೀರ್ ಕ್ರೀಕ್ ಕಣಿವೆಯಲ್ಲಿ ಸುಮಾರು ನಲವತ್ತು ವರ್ಷ ಅಡಗಿ ಬದುಕಿದರು. ಹೊಗೆ ಕಾಣದ ಹಾಗೆ ಸಣ್ಣ ಬೆಂಕಿ, ಹೆಜ್ಜೆ ಮೂಡದ ಹಾಗೆ ಬಂಡೆಯಿಂದ ಬಂಡೆಗೆ ನಡಿಗೆ. ಬಂದೂಕಿನ ಸದ್ದಾದರೆ ಸಾವು ಖಚಿತ, ಹಾಗಾಗಿ ಬೇಟೆಗೆ ಬಿಲ್ಲೇ ಗತಿ. ಇಶಿಯ ಬಿಲ್ಲುವಿದ್ಯೆಯ ಬಗ್ಗೆ ಓದುವಾಗ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಅವನಿಗೆ ಅದು ಹವ್ಯಾಸ ಅಲ್ಲ.

1908ರಲ್ಲಿ ವಿದ್ಯುತ್ ಕಂಪನಿಯೊಂದರ ಸರ್ವೆ ತಂಡ ಆ ಕಣಿವೆಗೆ ಬಂತು. ಅಣೆಕಟ್ಟಿಗೆ ಜಾಗ ನೋಡೋಕೆ ಬಂದ ಎಂಜಿನಿಯರುಗಳು, ನಮ್ಮ ಜಾತಿಯವರೇ! ಅವರ ಕಣ್ಣಿಗೆ ಗುಡಿಸಲುಗಳು ಬಿದ್ದವು. ಅಲ್ಲಿದ್ದ ಒಬ್ಬ ಮುದುಕ ಮತ್ತು ಒಬ್ಬ ಹೆಂಗಸು ಓಡಿಹೋದರು. ಇಶಿಯ ತಾಯಿ ಕಾಯಿಲೆ ಬಿದ್ದು ಹೊದಿಕೆಯ ಕೆಳಗೆ ಮಲಗಿದ್ದಳು. ತಂಡದವರು ಮುದುಕಿಗೆ ಏನೂ ಮಾಡಲಿಲ್ಲ, ಆದರೆ ನೆನಪಿಗೆ ಇರಲಿ ಅಂತ ಬಿಲ್ಲು, ಬಾಣ, ಬುಟ್ಟಿ, ಚರ್ಮದ ಹೊದಿಕೆ ಎಲ್ಲ ಎತ್ತಿಕೊಂಡು ಹೋದರು. ಚಳಿಗಾಲ ಎದುರಿಗಿತ್ತು. ತಾಯಿ ಸ್ವಲ್ಪ ದಿನದಲ್ಲೇ ಸತ್ತಳು. ಓಡಿಹೋದ ಇಬ್ಬರನ್ನು ಇಶಿ ಮತ್ತೆ ನೋಡಲೇ ಇಲ್ಲ. ಮೂರು ವರ್ಷ ಒಂಟಿ.

1911ರ ಆಗಸ್ಟ್ ಕೊನೆಯಲ್ಲಿ ಓರೊವಿಲ್ ಊರಿನ ಕಸಾಯಿಖಾನೆಯ ಹತ್ತಿರ ಹಸಿದು ಬಳಲಿದ ಒಬ್ಬ ಮನುಷ್ಯ ಸಿಕ್ಕಿದ. ಅವನ ಭಾಷೆ ಯಾರಿಗೂ ಅರ್ಥ ಆಗಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ವಾಟರ್‌ಮನ್ ಒಂದು ಪದಪಟ್ಟಿ ಹಿಡಿದು ಒಂದೊಂದೇ ಪದ ಓದುತ್ತಾ ಹೋದ. ಪೈನ್ ಮರಕ್ಕೆ ಯಾನಾ ಭಾಷೆಯಲ್ಲಿರುವ ಪದ ಬಂದಾಗ ಇಬ್ಬರೂ ಮಂಚದ ಮರವನ್ನು ಮುಟ್ಟಿ ಮುಟ್ಟಿ ತೋರಿಸಿದರಂತೆ. ಅವನ ಜನರಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳೋ ಪದ್ಧತಿ ಇರಲಿಲ್ಲ, ಹೇಳೋಕೆ ಬೇರೆ ಯಾರೂ ಉಳಿದಿರಲಿಲ್ಲ. ಹಾಗಾಗಿ ಪ್ರೊಫೆಸರ್ ಕ್ರೋಬರ್ ಇಶಿ ಅಂತ ಕರೆದ. ಅಂದ್ರೆ ಮನುಷ್ಯ, ಅಷ್ಟೇ. (ಸೈ-ಫೈ ಓದುವವರಿಗೆ ಗೊತ್ತಿರೋ ಉರ್ಸುಲಾ ಲೆ ಗ್ವಿನ್ ಇದೇ ಕ್ರೋಬರ್ ಮಗಳು. ಇಶಿಯ ಜೀವನಚರಿತ್ರೆ ಬರೆದವಳು ಆಕೆಯ ತಾಯಿ ಥಿಯೊಡೊರಾ, 1961ರಲ್ಲಿ.)

ಮುಂದಿನ ನಾಲ್ಕೂವರೆ ವರ್ಷ ಅವನ ಮನೆ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ. ಪಕ್ಕದಲ್ಲೇ ಮೆಡಿಕಲ್ ಕಾಲೇಜು. ಅಲ್ಲಿನ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಇಶಿಯ ಗೆಳೆಯನಾದ, ಆಮೇಲೆ ಶಿಷ್ಯನಾದ. ಬಿಲ್ಲಿನ ಬಗ್ಗೆ ಇವತ್ತು ನಮಗೆ ಇಷ್ಟು ವಿವರ ಸಿಗೋದು ಆ ಡಾಕ್ಟರ್ ಅಳೆದು ಬರೆದಿಟ್ಟಿದ್ದರಿಂದ. ಜುನಿಪರ್ ಮರದ ಗಿಡ್ಡ ಬಿಲ್ಲು. ಬೆನ್ನಿಗೆ ಜಿಂಕೆಯ ನರ, ಅದನ್ನು ಅಂಟಿಸೋಕೆ ಸಾಲ್ಮನ್ ಮೀನಿನ ಚರ್ಮ ಕುದಿಸಿ ಮಾಡಿದ ಅಂಟು. ಎಸ್‌ಓಎಂ ಪಾಸಾದವರಿಗೆ ಬಿಡಿಸಿ ಹೇಳಬೇಕಿಲ್ಲ: ಎಳೆದಾಗ ಹೊರಮೈಗೆ ಟೆನ್ಶನ್, ಅದನ್ನು ನರ ತಡೆಯುತ್ತೆ, ಒಳಮೈಗೆ ಕಂಪ್ರೆಶನ್, ಅದು ಮರದ ಪಾಲು. ಪಕ್ಕಾ ಕಾಂಪೋಸಿಟ್. ಕೆಲಸ ಇಲ್ಲದಾಗ ಹೆದೆ ಬಿಚ್ಚಿಡುತ್ತಿದ್ದ, ಇಲ್ಲದಿದ್ದರೆ ಬಿಲ್ಲು ಬಾಗಿದಂತೇ ಉಳಿದು ಶಕ್ತಿ ಕಳಕೊಳ್ಳುತ್ತೆ.

ಈಗ ಬತ್ತಳಿಕೆಗೆ ಬರೋಣ. ಇಶಿಯದ್ದು ನೀರುನಾಯಿ ಚರ್ಮದ್ದು, ಕೂದಲು ಹೊರಮುಖ. ನಮ್ಮ ಕಾವೇರಿಯಲ್ಲಿ ಕಾಣೋ ನೀರುನಾಯಿಯ ಸೋದರಸಂಬಂಧಿ ಪ್ರಾಣಿ. ಬಾಣಗಳ ಜೊತೆ ಬಿಲ್ಲನ್ನೂ ಅದರೊಳಗೇ ಇಡುತ್ತಿದ್ದ.

ಇದರಲ್ಲಿ ಏನು ವಿಶೇಷ ಅಂತ ನನಗೂ ಮೊದಲು ಅನಿಸಿತ್ತು. ಆದರೆ ಅವನು ಬೇಟೆಯಾಡುತ್ತಿದ್ದ ರೀತಿ ನೋಡಿ. ಸಾಮಾನ್ಯವಾಗಿ ಹತ್ತು, ಇಪ್ಪತ್ತು ಗಜದಿಂದ ಹೊಡೆತ, ನಮ್ಮ ಕ್ಲಾಸ್‌ರೂಮಿನ ಬೋರ್ಡಿನಿಂದ ಕೊನೇ ಬೆಂಚಿನಷ್ಟು ದೂರ. ನಿಂತು ಅಲ್ಲ, ಕುಕ್ಕರಗಾಲಲ್ಲಿ ಕೂತು. ಬೇಟೆಗೆ ಮುಂಚೆ ಸ್ನಾನ, ಮೈಯಲ್ಲಿ ಮೀನಿನದ್ದೋ ಹೊಗೆಸೊಪ್ಪಿನದ್ದೋ ವಾಸನೆ ಇರಬಾರದು. ಬೆರಳಿಗೆ ಮುತ್ತಿಟ್ಟ ಹಾಗೆ ಸದ್ದು ಮಾಡಿ ಮೊಲವನ್ನು ಹತ್ತಿರ ಕರೆಯುತ್ತಿದ್ದ. ಅಷ್ಟು ಹತ್ತಿರದಲ್ಲಿ ಜಿಂಕೆ ಕೇಳೋದು ಹೆದೆಯ ಸದ್ದಲ್ಲ, ಅದಕ್ಕೂ ಮೊದಲು ಬೆನ್ನ ಮೇಲೆ ಒಂದಕ್ಕೊಂದು ತಾಕಿ ಕಟಕಟ ಅನ್ನೋ ಬಾಣಗಳ ಸದ್ದು. ಗಟ್ಟಿ ಚರ್ಮದ ಕೊಳವೆ ಆ ಸದ್ದನ್ನು ದೊಡ್ಡದು ಮಾಡುತ್ತೆ, ಗಿಡಕ್ಕೆ ತಾಕಿದರೆ ಕರಕರ ಅನ್ನುತ್ತೆ. ಮೆತ್ತನೆಯ ತುಪ್ಪಳ ಎರಡನ್ನೂ ನುಂಗುತ್ತೆ. ಇನ್ನು ಬೆನ್ನಿನ ಬತ್ತಳಿಕೆಯಿಂದ ಬಾಣ ತೆಗೆಯಬೇಕಾದರೆ ಕೈ ತಲೆಗಿಂತ ಮೇಲೆ ಹೋಗಬೇಕು; ಆ ಒಂದು ಚಲನೆ ಸಾಕು, ಜಿಂಕೆ ಮಾಯ. ಪೊದೆಯ ಕೆಳಗೆ ಬಗ್ಗಿದರೆ ಬಾಣಗಳು ತಲೆ ಮೇಲಿಂದ ಸುರಿಯುತ್ತವೆ. ಸಿನಿಮಾದಲ್ಲಿ ಯಾರೂ ಬಗ್ಗಲ್ಲ, ಗಮನಿಸಿ.

ಪೋಪ್ ಮುಂದೆ ತನ್ನದೇ ಜಿಂಕೆ ಚರ್ಮದ ಬತ್ತಳಿಕೆ ಬೆನ್ನಿಗೆ ಹಾಕಿಕೊಂಡ. ತೊಂದರೆಗಳು ಅವನಿಗೂ ಬಂದವು. ಓಡುವಾಗ ಬತ್ತಳಿಕೆಯನ್ನು ಬಲಗೈಯಲ್ಲಿ ಹಿಡಿದುಕೊಳ್ಳೋದು, ಪ್ರಾಣಿಯ ಜಾಡಿನಲ್ಲಿ ಇರುವಾಗ ಬತ್ತಳಿಕೆಯ ಬಾಯಿಗೆ ಒಂದು ಹಿಡಿ ಹುಲ್ಲೋ ಜರಿಗಿಡದ ಎಲೆಯೋ ತುರುಕೋದು, ಇದು ಅವನು 1923ರ ಪುಸ್ತಕದಲ್ಲಿ ಕೊಟ್ಟ ಪರಿಹಾರ. ಡ್ಯಾಂಪಿಂಗ್‌ಗೆ ಇದಕ್ಕಿಂತ ಅಗ್ಗದ ಉಪಾಯ ನಾನು ಕಂಡಿಲ್ಲ. ಆ ಪುಸ್ತಕದಿಂದಲೇ ಅಮೆರಿಕದಲ್ಲಿ ಬಿಲ್ಲುಬೇಟೆ ಮತ್ತೆ ಚಿಗುರಿತು. ಆಮೇಲಿನ ಪೀಳಿಗೆ ಬಿಲ್ಲಿಗೇ ಸಿಕ್ಕಿಸುವ ಬತ್ತಳಿಕೆ ತಂತು. ಕೈ ಮೇಲೆತ್ತೋ ಕೆಲಸ ತಪ್ಪಿತು, ಆದರೆ ಬಿಲ್ಲಿನ ಒಂದು ಬದಿಗೆ ತೂಕ ಬಿತ್ತು, ಗಾಳಿಗೆ ಸಿಗೋ ಮೈಯೂ ಜಾಸ್ತಿಯಾಯ್ತು. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಟ್ಟಬೇಕು.

1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್, ಪೋಪನ ಚಿಕ್ಕ ಮಗ ಸೇರಿ ಇಶಿಯನ್ನು ಡೀರ್ ಕ್ರೀಕ್‌ಗೆ ಕರಕೊಂಡು ಹೋದರು. ಅವನಿಗೆ ಹೋಗೋಕೆ ಇಷ್ಟ ಇರಲಿಲ್ಲ. ಅಲ್ಲಿ ಯಾರಿದ್ದಾರೆ? ಆದರೂ ಹೋದ. ಈಜಿದ, ತನ್ನವರು ಇದ್ದ ಜಾಗಗಳನ್ನು ತೋರಿಸಿದ. ಅವನಿಗೆ ಏನನಿಸಿತೋ.

ನಗರ ಅವನಿಗೆ ಕ್ಷಯ ಕೊಟ್ಟಿತು. 1916ರ ಮಾರ್ಚ್ 25ರಂದು ತೀರಿಕೊಂಡ. ಶವಪರೀಕ್ಷೆ ಮಾಡಬೇಡಿ ಅಂತ ನ್ಯೂಯಾರ್ಕಿನಲ್ಲಿದ್ದ ಕ್ರೋಬರ್ ಕಾಗದ ಬರೆದಿದ್ದ. ಕಾಗದ ಬರೋದ್ರೊಳಗೆ ಅದು ಮುಗಿದಿತ್ತು, ಮೆದುಳನ್ನು ಬೇರೆ ಮಾಡಿಟ್ಟಿದ್ದರು. ಅದನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದ್ದು ಇದೇ ಕ್ರೋಬರ್. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಗೆಳೆಯರು ಶವಪೆಟ್ಟಿಗೆಯಲ್ಲಿ ಅವನ ಒಂದು ಬಿಲ್ಲು, ಐದು ಬಾಣ, ಓಕ್ ಕಾಯಿಯ ಹಿಟ್ಟು ತುಂಬಿದ ಒಂದು ಬುಟ್ಟಿ, ಕವಡೆಯಂಥ ಚಿಪ್ಪಿನ ಹಣ, ಹೊಗೆಸೊಪ್ಪು, ಮೂರು ಉಂಗುರ, ಬಾಣದ ಮೊನೆ ಕೆತ್ತುವ ಜ್ವಾಲಾಮುಖಿ ಗಾಜಿನ ಚೂರುಗಳನ್ನು ಇಟ್ಟರು. ಪಟ್ಟಿಯಲ್ಲಿ ಬತ್ತಳಿಕೆ ಇಲ್ಲ. ದೇಹ ಸುಟ್ಟು ಬೂದಿಯನ್ನು ಸ್ಮಶಾನದಲ್ಲಿ ಒಂದು ಕುಡಿಕೆಯಲ್ಲಿ ಇಟ್ಟರು. ಮೆದುಳು ಸ್ಮಿತ್‌ಸೋನಿಯನ್ ಉಗ್ರಾಣದಲ್ಲೇ ಇದೆ ಅಂತ 1999ರಲ್ಲಿ ಪತ್ತೆಯಾಯ್ತು. 2000ದಲ್ಲಿ ಯಾನಾ ಮೂಲದ ಜನ ಎರಡನ್ನೂ ಪಡೆದುಕೊಂಡು ಅವನ ನಾಡಿನಲ್ಲಿ ಮಣ್ಣು ಮಾಡಿದರು. ಜಾಗ ಎಲ್ಲಿ ಅಂತ ಹೊರಗಿನವರಿಗೆ ಹೇಳಿಲ್ಲ.