ಮಹಾರಾಣಿ ವಾಣೀವಿಲಾಸರೂ ಮೈಸೂರಿನ ಬೆಂಕಿಯೂ

ನಮ್ಮ ಧಾರವಾಡ ಜಿಲ್ಲೆಯವರಿಗೆ ಮೈಸೂರು 1956ರ ವರೆಗೆ ಪರರಾಜ್ಯವಾಗಿತ್ತು. ನಾವು ಮುಂಬಯಿಯ ಕಡೆಗೆ ಮುಖ ಮಾಡಿದ್ದವರು. ಆದ್ದರಿಂದ ಕಿತ್ತೂರು ಚೆನ್ನಮ್ಮನ ಹೆಸರು ನಮ್ಮ ಹಿರಿಯರ ಬಾಯಲ್ಲಿ ಬರುವಷ್ಟು ಸಹಜವಾಗಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಹೆಸರು ಬರುವುದಿಲ್ಲ. ಬಂದರೂ ಆಸ್ಪತ್ರೆಯ ಹೆಸರಾಗಿ, ಅಣೆಕಟ್ಟಿನ ಹೆಸರಾಗಿ ಬರುತ್ತದೆ. ಅವರ ಜೀವನವನ್ನು ನಾನು ಓದತೊಡಗಿದ್ದು ಇತಿಹಾಸದ ವಿದ್ಯಾರ್ಥಿಯಾಗಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ನಡುವೆ ಬರುವ ಒಂದು ಬೆಂಕಿ. ಆ ಬೆಂಕಿಯನ್ನು ತಿಳಿಯಬೇಕೆಂದು ಅಗ್ನಿಶಾಮಕ ಶಾಸ್ತ್ರವನ್ನೂ ಅಷ್ಟಿಷ್ಟು ಓದಬೇಕಾಯಿತು. ಎರಡನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಕಳಲೆಯ ಅರಸು ಮನೆತನದಲ್ಲಿ ಹುಟ್ಟಿದರು. ಕಳಲೆ ನಂಜನಗೂಡಿನ ಹತ್ತಿರದ ಊರು. ಮೈಸೂರಿನ ಅರಸರಿಗೆ ತಲೆಮಾರುಗಳಿಂದ ಹೆಣ್ಣು ಕೊಟ್ಟು ತಂದ ಮನೆತನ ಅದು. 1878ರಲ್ಲಿ, ಇನ್ನೂ ಹನ್ನೆರಡು ವರ್ಷದ ಬಾಲಕಿಯಾಗಿದ್ದಾಗ, ಚಾಮರಾಜೇಂದ್ರ ಒಡೆಯರನ್ನು ವಿವಾಹವಾದರು. ಮೂರು ವರ್ಷಗಳ ತರುವಾಯ, 1881ರಲ್ಲಿ, ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ಸಂಸ್ಥಾನ ಮರಳಿ ಒಡೆಯರ ವಶಕ್ಕೆ ಬಂದಿತು. ಅಲ್ಲಿಂದ ಹದಿಮೂರು ವರ್ಷ ಅಂತಃಪುರದ ಜೀವನ, ಮಕ್ಕಳು, ಹಬ್ಬಹರಿದಿನಗಳು. ಈ ಭಾಗದ ಬಗೆಗೆ ಹೆಚ್ಚು ಹೇಳುವುದು ಬೇಕಾಗಿಲ್ಲ.

1894ರ ಡಿಸೆಂಬರ್ 28ರಂದು ಮಹಾರಾಜರು ಕಲಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ಅವರಿಗೆ ಆಗ ಕೇವಲ ಮೂವತ್ತೊಂದು ವರ್ಷ, ರಾಣಿಯವರಿಗೆ ಇಪ್ಪತ್ತೆಂಟು, ಪಟ್ಟಕ್ಕೆ ಬರಬೇಕಾದ ಹಿರಿಯ ಮಗ ಕೃಷ್ಣರಾಜರಿಗೆ ಹತ್ತು. 1895ರಲ್ಲಿ ರಾಣಿಯವರು ಮಗನ ಪರವಾಗಿ ರೀಜೆಂಟರಾಗಿ ರಾಜ್ಯಭಾರವನ್ನು ಹೊತ್ತರು. ಪರದೆಯ ಹಿಂದೆ ಬೆಳೆದ ಎಳೆಯ ವಿಧವೆಯೊಬ್ಬರು ಶೇಷಾದ್ರಿ ಅಯ್ಯರರಂಥ ಪ್ರಬಲ ದಿವಾನರನ್ನು ಜೊತೆಗಿಟ್ಟುಕೊಂಡು ಆಳಬೇಕಾಗಿತ್ತು. ಎಲ್ಲವನ್ನೂ ದಿವಾನರೇ ಮಾಡಿದರೆಂದು ಭಾವಿಸುವವರು ಉಂಟು. ನನಗೆ ಹಾಗೆನಿಸುವುದಿಲ್ಲ. ಶೇಷಾದ್ರಿ ಅಯ್ಯರರು 1901ರಲ್ಲಿ ಅಧಿಕಾರ ಬಿಟ್ಟ ಮೇಲೂ ರಾಜ್ಯದ ಗಾಡಿ ಹಳಿ ತಪ್ಪದೆ ನಡೆದದ್ದನ್ನು ನೋಡಿದರೆ, ಹಿಡಿತ ಒಂದೇ ಕೈಯಲ್ಲಿ ಇರಲಿಲ್ಲವೆಂಬುದು ತಿಳಿಯುತ್ತದೆ.

ಇನ್ನು ಬೆಂಕಿಯ ಮಾತು. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆ. ವರ ಮಹಾರಾಣಿಯವರ ಸ್ವಂತ ತಮ್ಮ, ಮುಂದೆ ಮೈಸೂರಿನ ದಿವಾನರೂ ಆದ ಕಾಂತರಾಜ ಅರಸರು. ಗಂಡ ತೀರಿದ ಮೇಲೆ ಆ ಮನೆಯಲ್ಲಿ ನಡೆದ ದೊಡ್ಡ ಶುಭಕಾರ್ಯ. ಅದೇ ಸಂಭ್ರಮದ ಕಾಲದಲ್ಲಿ ಅರಮನೆಗೆ ಬೆಂಕಿ ಹತ್ತಿತು. ಟೀಪುವಿನ ಪತನಾನಂತರ, 19ನೆಯ ಶತಮಾನದ ಆದಿಯಲ್ಲಿ, ಬಾಲಕ ಮುಮ್ಮಡಿ ಕೃಷ್ಣರಾಜರಿಗಾಗಿ ಕಟ್ಟಿದ ಅರಮನೆ ಅದು, ಬಹುತೇಕ ಮರದ್ದು. ಕೆತ್ತನೆಯ ಕಂಬ, ತೊಲೆ, ಜಂತಿ, ಛಾವಣಿ ಎಲ್ಲವೂ ಮರ. ಅದರ ಬಹುಭಾಗ ಸುಟ್ಟುಹೋಯಿತು.

ಇಷ್ಟು ದೊಡ್ಡ ಕಟ್ಟಡ ಹೇಗೆ ಉರಿಯುತ್ತದೆ? ಅಗ್ನಿಶಾಮಕದವರು ಮೊದಲ ಪಾಠದಲ್ಲಿ ಅಗ್ನಿತ್ರಿಕೋನವನ್ನು ಹೇಳಿಕೊಡುತ್ತಾರೆ: ಉರಿಯುವ ವಸ್ತು, ಉಷ್ಣ, ಆಮ್ಲಜನಕ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೆಂಕಿ ಇಲ್ಲ. ಕಟ್ಟಿಗೆ ಉರಿಯುತ್ತದೆಂದು ನಾವು ಆಡುವ ಮಾತು ಶಾಸ್ತ್ರದೃಷ್ಟಿಯಿಂದ ಪೂರ್ತಿ ಸರಿಯಲ್ಲ. ಸುಮಾರು 300 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಕಾದಾಗ ಕಟ್ಟಿಗೆ ಒಡೆದು ಅದರಿಂದ ಅನಿಲಗಳು ಹೊರಬೀಳುತ್ತವೆ. ಜ್ವಾಲೆಯಾಗಿ ಉರಿಯುವುದು ಆ ಅನಿಲ. ಉಳಿದ ಇದ್ದಲು ಕೆಂಡವಾಗಿ ನಿಧಾನವಾಗಿ ಉರಿಯುತ್ತದೆ. ದಪ್ಪ ಕೊರಡಿಗೆ ನೇರವಾಗಿ ಕಡ್ಡಿ ಗೀರಿದರೆ ಹತ್ತುವುದಿಲ್ಲವೆಂಬುದು ಒಲೆ ಹೊತ್ತಿಸಿದ ಪ್ರತಿಯೊಬ್ಬ ತಾಯಿಗೂ ಗೊತ್ತು. ಮೊದಲು ಸಿಬಿರು, ಚಕ್ಕೆ, ಕಡ್ಡಿ ಬೇಕು. ದೊಡ್ಡ ಕಂಬದ ಹೊರಮೈ ಇದ್ದಲಾದರೆ ಆ ಇದ್ದಲೇ ಒಳಗಿನ ಮರಕ್ಕೆ ಕೆಲಕಾಲ ಕವಚವಾಗುತ್ತದೆ. ಹೀಗಿರುವಾಗ ಯಾವ ಮರದ ಮನೆಯಲ್ಲಿಯೂ ಮೊದಲ ಆಹುತಿ ಕಂಬವಲ್ಲ. ತೆಳುವಾದ ಹಲಗೆ, ಪರದೆ, ಚಪ್ಪರ, ಬಟ್ಟೆಬರೆ, ಇವು ಮೊದಲು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹತ್ತಿ ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಮಂದಿ ಮಕ್ಕಳು, ಸತ್ತದ್ದನ್ನು ನೆನೆದರೆ ಬಟ್ಟೆಯ ಬೆಂಕಿಯ ವೇಗ ತಿಳಿದೀತು.

ಒಮ್ಮೆ ಹತ್ತಿದ ಬೆಂಕಿ ಮೂರು ದಾರಿಗಳಿಂದ ಹಬ್ಬುತ್ತದೆ. ಕಾದ ಲೋಹದ ಒಳಗಿಂದ ಶಾಖ ಸಾಗುವುದು ವಹನ. ಬಿಸಿಗಾಳಿ ಮೇಲೇರಿ ಹೊತ್ತೊಯ್ಯುವುದು ಸಂವಹನ. ನಡುವೆ ಏನೂ ಇಲ್ಲದಿದ್ದರೂ ದೂರದ ವಸ್ತುವನ್ನು ಕಾಯಿಸುವುದು ವಿಕಿರಣ. ಮೆಟ್ಟಿಲ ದಾರಿ ಸಂವಹನಕ್ಕೆ ಹೊಗೆಕೊಳವೆಯಿದ್ದಂತೆ; ಕೆಳಗಿನ ಅಂತಸ್ತಿನ ಬೆಂಕಿ ಅದರ ಮೂಲಕ ಮಹಡಿಗೆ ಏರುತ್ತದೆ. ಕೋಣೆಯೊಳಗೆ ಬಿಸಿ ಅನಿಲ ಛಾವಣಿಯ ಕೆಳಗೆ ಪದರವಾಗಿ ನಿಂತು, ಕೆಳಗಿನ ಸಾಮಾನುಗಳ ಮೇಲೆ ಶಾಖವನ್ನು ಸುರಿಯುತ್ತದೆ. ಆ ಪದರದ ಉಷ್ಣಮಾನ 500ರಿಂದ 600 ಡಿಗ್ರಿಗೆ ಬಂದಾಗ ಕೋಣೆಯಲ್ಲಿರುವುದೆಲ್ಲ ಏಕಕಾಲಕ್ಕೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಫ್ಲಾಷ್‌ಓವರ್ ಎಂದು ಹೆಸರು. ಅಷ್ಟರೊಳಗೆ ಹೊರಬೀಳದವನು ಬದುಕುವುದು ಕಷ್ಟ. ಇದಕ್ಕೆ ವಿರುದ್ಧವಾದ ಇನ್ನೊಂದು ಅಪಾಯವೂ ಉಂಟು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ತೀರಿ ಬೆಂಕಿ ಅಡಗಿದಂತೆ ತೋರುತ್ತದೆ. ಒಳಗೆ ಉರಿಯದ ಬಿಸಿ ಅನಿಲ ತುಂಬಿರುತ್ತದೆ. ಯಾರಾದರೂ ಬಾಗಿಲು ತೆರೆದರೆ ಗಾಳಿ ನುಗ್ಗಿ ಅದು ಸ್ಫೋಟದಂತೆ ಹೊರಚಿಮ್ಮುತ್ತದೆ. ಅದು ಬ್ಯಾಕ್‌ಡ್ರಾಫ್ಟ್. ಆದರೆ ಜನರನ್ನು ಹೆಚ್ಚಾಗಿ ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡದ್ದು ಮೆಟ್ಟಿಲಿಗೂ ಮಹಡಿಗಳಿಗೂ ಹೊಗೆ ತುಂಬಿದ್ದರಿಂದ.

ಆರಿಸುವ ಉಪಾಯಗಳೂ ತ್ರಿಕೋನದಿಂದಲೇ ಹುಟ್ಟಿದವು: ತಣಿಸುವುದು, ಗಾಳಿ ತಪ್ಪಿಸುವುದು, ಉರುವಲು ತಪ್ಪಿಸುವುದು. ನೀರು ತಣಿಸುವುದರಲ್ಲಿ ಏಕೆ ಶ್ರೇಷ್ಠವೆಂದರೆ, ಕುದಿಯುವ ಒಂದು ಗ್ರಾಂ ನೀರು ಉಗಿಯಾಗಲು ಸುಮಾರು 540 ಕ್ಯಾಲರಿ ಶಾಖವನ್ನು ನುಂಗುತ್ತದೆ. ಉಗಿಯಾದ ಮೇಲೆ ಸುಮಾರು 1,700 ಪಟ್ಟು ಹಿಗ್ಗಿ ಗಾಳಿಯನ್ನೂ ದೂರ ತಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ಒಂದು ಬಣವಿಗೆ ಬೆಂಕಿ ಬಿದ್ದರೆ ತಿಳಿದವರು ಉರಿಯುವ ಬಣವಿಯನ್ನು ಬಿಟ್ಟು ಮೊದಲು ಪಕ್ಕದ ಬಣವಿಯ ಮೇಲೆ ನೀರು ಹೊಡೆಯುತ್ತಾರೆ. ನಡುವಿನ ಹುಲ್ಲನ್ನು ಎಳೆದು ಹಾಕುತ್ತಾರೆ. ವಿಕಿರಣವೆಂಬ ಶಬ್ದ ಅವರಿಗೆ ಗೊತ್ತಿರಲಿಕ್ಕಿಲ್ಲ, ಕೆಲಸ ಗೊತ್ತು. 1897ರ ಮೈಸೂರಿನಲ್ಲಿ ಇಂದಿನಂಥ ಅಗ್ನಿಶಾಮಕ ಇಲಾಖೆ ಇರಲಿಲ್ಲ. ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಆಧಾರವಾದ ಕಾಯಿದೆಯೇ 1964ರದು. ಮೇಲಿನ ಅಂತಸ್ತನ್ನು ಮುಟ್ಟುವ ಏಣಿಯಿಲ್ಲದೆ, ಯಂತ್ರದ ಒತ್ತಡದಿಂದ ನೀರು ಚಿಮ್ಮುವ ಹೋಸ್ ಇಲ್ಲದೆ, ಕೊಡಗಳಿಂದ ಮರದ ಅರಮನೆಯೊಂದನ್ನು ಉಳಿಸಿಕೊಳ್ಳುವುದು ಯಾರಿಂದಲೂ ಆಗದ ಮಾತು.

ರಾಜಪರಿವಾರ 1861ರಲ್ಲಿ ಕಟ್ಟಿದ್ದ ಜಗನ್ಮೋಹನ ಅರಮನೆಗೆ ವಸತಿಯನ್ನು ಬದಲಿಸಿತು. ಮೂವತ್ತರ ಆಸುಪಾಸಿನ ಮಹಾರಾಣಿಯವರ ಮುಂದೆ ಈಗ ಪ್ರಶ್ನೆ: ಏನನ್ನು ಕಟ್ಟಬೇಕು? ಅದೇ ಸ್ಥಳದಲ್ಲಿ ಹೊಸ ಅರಮನೆಯನ್ನು ಕಟ್ಟಿಸಲು ಅವರು ನಿಶ್ಚಯಿಸಿದರು. ನಕ್ಷೆಯ ಕೆಲಸ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಬಂದಿತು. ಅದೇ ವರ್ಷ ಕೆಲಸ ಆರಂಭವಾಗಿ 1912ರಲ್ಲಿ ಮುಗಿಯಿತು. ಈ ಸಲ ಗೋಡೆಗೆ ಕಲ್ಲು ಇಟ್ಟಿಗೆ, ಕಲ್ಯಾಣಮಂಟಪಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು. ಮದುವೆಯ ಮಂಟಪಕ್ಕೆ ಕಬ್ಬಿಣವನ್ನು ತಂದದ್ದರಲ್ಲಿ ಅಂದಿನ ಮದುವೆಯ ನೆನಪು ಇತ್ತೋ ಏನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಇದು ನನ್ನ ಊಹೆ ಮಾತ್ರ.

ಕಲ್ಲು ಕಬ್ಬಿಣ ಬಂದೊಡನೆ ಭಯ ಹೋಯಿತೇ? ಕಬ್ಬಿಣ ಉರಿಯುವುದಿಲ್ಲ ನಿಜ, ಆದರೆ ಉಕ್ಕು 550 ಡಿಗ್ರಿಯ ಸುಮಾರಿಗೆ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಕಾದ ಎರಕದ ಕಂಬದ ಮೇಲೆ ತಣ್ಣೀರು ಬಿದ್ದರೆ ಅದು ಬಿರಿಯಬಹುದು. ಕರಿಕಲ್ಲಿನಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ತಟ್ಟನೆ ಹಿಗ್ಗುವುದರಿಂದ ಕಲ್ಲು ಪದರ ಕಳಚುತ್ತದೆ. ನಮ್ಮ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದದ್ದೂ ಕಲ್ಲು ಕಾದರೆ ಹಿಗ್ಗುತ್ತದೆಂಬುದನ್ನು ಬಲ್ಲವರಾಗಿ. ಗೂಡಿನಲ್ಲಿ ಒಮ್ಮೆ ಬೆಂದು ಬಂದ ಇಟ್ಟಿಗೆಯೇ ಇವೆಲ್ಲಕ್ಕಿಂತ ಗಟ್ಟಿಗ. ಮೇಲಾಗಿ ಹೊಸ ಅರಮನೆಯಲ್ಲಿಯೂ ಕೆತ್ತಿದ ಮರದ ಬಾಗಿಲುಗಳೂ ಮರದ ಛಾವಣಿಗಳೂ ಇವೆ. ಮೈಸೂರಿನ ಕುಸುರಿ ಕೆಲಸದವರನ್ನು ಬಿಟ್ಟು ಮೈಸೂರಿನಲ್ಲಿ ಅರಮನೆ ಕಟ್ಟುವುದುಂಟೆ? ಆದರೆ ಈಗ ಮರ ಅಲಂಕಾರ. ಭಾರ ಹೊರುವ ಕೆಲಸ ಬಹುಮಟ್ಟಿಗೆ ಕಲ್ಲು ಇಟ್ಟಿಗೆ ಕಬ್ಬಿಣದ್ದು. ವ್ಯತ್ಯಾಸ ಅಲ್ಪವಲ್ಲ.

ಇದಕ್ಕೆ ತಗಲಿದ ಖರ್ಚು ಸುಮಾರು ನಲವತ್ತೊಂದೂವರೆ ಲಕ್ಷ ರೂಪಾಯಿ. ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಅರಮನೆ ಸುಟ್ಟ ಆ ವರ್ಷವೇ ನಮ್ಮ ಕಡೆ, ವಿಶೇಷವಾಗಿ ವಿಜಾಪುರ ಜಿಲ್ಲೆಯಲ್ಲಿ, ಘೋರ ಬರ. ಮರುವರ್ಷ 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು. ಹಾಫ್‌ಕಿನರ ಲಸಿಕೆಯನ್ನು ಸಾವಿರಾರು ಜನಕ್ಕೆ ಇಲ್ಲಿ ಹಾಕಲಾಯಿತು. ಅದೇ ವರ್ಷ ಪ್ಲೇಗು ಬೆಂಗಳೂರನ್ನೂ ಮೈಸೂರು ಸಂಸ್ಥಾನವನ್ನೂ ಹೊಕ್ಕಿತು. ಅಂಥ ದಿನಗಳಲ್ಲಿ ಒಂದು ಕುಟುಂಬದ ಮನೆಗೆ ಅಷ್ಟು ಹಣವೇ ಎಂದು ಕೇಳುವ ಹಕ್ಕು, ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸುವ ಮನೆಯಿಂದ ಬಂದ ನನ್ನಂಥವನಿಗೆ ಇದೆಯೆಂದು ತಿಳಿಯುತ್ತೇನೆ. ಕಟ್ಟಡದ ಕೆಲಸ ಹದಿನೈದು ವರ್ಷ ಕುಶಲಕರ್ಮಿಗಳಿಗೂ ಕೂಲಿಗಳಿಗೂ ಅನ್ನ ಕೊಟ್ಟಿತೆಂಬ ಉತ್ತರವೂ ಇದೆ. ಆ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ.

ಉಳಿದ ಅರ್ಧವನ್ನು ಒಪ್ಪಿಸುವುದು ಮಾರಿಕಣಿವೆ. ಚಿತ್ರದುರ್ಗ ಸೀಮೆಯ ಒಣನೆಲದಲ್ಲಿ ವೇದಾವತಿಗೆ ಅಡ್ಡವಾಗಿ ಅಣೆಕಟ್ಟು ಕಟ್ಟುವ ಕೆಲಸ ಇದೇ ರೀಜೆಂಟರ ಕಾಲದಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅದೇ ಇಂದಿನ ವಾಣಿವಿಲಾಸ ಸಾಗರ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದೂ ಅವರ ಆಡಳಿತದ ಕೊನೆಯ ದಿನಗಳಲ್ಲಿ. ಆ ವರ್ಷದ ಆಗಸ್ಟ್ 8ರಂದು ಕೃಷ್ಣರಾಜ ಒಡೆಯರಿಗೆ ಅಧಿಕಾರ ಒಪ್ಪಿಸುವ ಸಮಾರಂಭ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ, ವೈಸರಾಯ್ ಕರ್ಜನರ ಸಮ್ಮುಖದಲ್ಲಿ. ಹೊಸ ಅರಮನೆ ಆಗ ಇನ್ನೂ ಅರ್ಧ ಕಟ್ಟಡ. ಮಹಾರಾಣಿಯವರು ಏಳು ವರ್ಷ ಹೊತ್ತ ಹೊರೆಯನ್ನು ಮಗನಿಗೆ ಕೊಟ್ಟು ಹಿಂದೆ ಸರಿದರು.

ಅನಂತರ ಮೂವತ್ತೆರಡು ವರ್ಷ ಬದುಕಿದ್ದು 1934ರ ಜುಲೈಯಲ್ಲಿ ತೀರಿಕೊಂಡರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತೆರೆದದ್ದು ಮರುವರ್ಷ. ಯಾರ ಮದುವೆಯ ಕಾಲದಲ್ಲಿ ಆ ಬೆಂಕಿ ಹತ್ತಿತೋ ಆ ಜಯಲಕ್ಷಮ್ಮಣ್ಣಿಯವರಿಗಾಗಿ ಮೈಸೂರಿನಲ್ಲಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀ ವಿಲಾಸ ಈಗ ಮಾನಸಗಂಗೋತ್ರಿಯೊಳಗೆ ಇದೆ. ವಿಶ್ವವಿದ್ಯಾನಿಲಯದವರು ಅದರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಇಟ್ಟಿದ್ದಾರೆ.