ಕಮಲಾ ಸೊಹೊನಿ

ಕಮಲಾ ಸೊಹೊನಿ (ಜೂನ್ 18, 1911 – 1998) ಭಾರತದ ಜೀವರಸಾಯನ ವಿಜ್ಞಾನಿ. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಪ್ರವೇಶ ಪಡೆದ ಆರಂಭದ ಮಹಿಳೆಯರಲ್ಲಿ ಅವರೂ ಒಬ್ಬರು. ಜೀವಕೋಶದ ಉಸಿರಾಟದಲ್ಲಿ ಪಾಲ್ಗೊಳ್ಳುವ ಸೈಟೋಕ್ರೋಮ್ ಸಿ, ಬೇಳೆಕಾಳುಗಳ ಪ್ರೋಟೀನ್ ಹಾಗೂ ನೀರಾ ಪಾನೀಯದ ಪೌಷ್ಟಿಕತೆ ಅವರ ಸಂಶೋಧನೆಯ ಮುಖ್ಯ ವಿಷಯಗಳಾಗಿದ್ದವು.

ಜನನ ಮತ್ತು ಶಿಕ್ಷಣ

ಕಮಲಾ ಅವರು ಇಂದೋರಿನಲ್ಲಿ ಭಾಗವತ್ ಮನೆತನದಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನ ವಿಜ್ಞಾನಿಗಳು. ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆರಂಭದ ವಿದ್ಯಾರ್ಥಿಗಳಲ್ಲಿ ಸೇರಿದ್ದವರು. ಮರಾಠಿಯ ಪ್ರಸಿದ್ಧ ಲೇಖಕಿ ಹಾಗೂ ಜಾನಪದ ವಿದ್ವಾಂಸೆ ದುರ್ಗಾ ಭಾಗವತ್ ಇವರ ಅಕ್ಕ. ಕಮಲಾ 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿಯೂ ಭೌತಶಾಸ್ತ್ರವನ್ನು ಸಹವಿಷಯವಾಗಿಯೂ ಅಭ್ಯಸಿಸಿ, ಅತ್ಯುನ್ನತ ಅಂಕಗಳೊಂದಿಗೆ ಬಿ.ಎಸ್ಸಿ. ಪದವಿ ಪಡೆದರು.

ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರವೇಶ

ತಂದೆ ಮತ್ತು ಚಿಕ್ಕಪ್ಪ ಓದಿದ ಸಂಸ್ಥೆಯಲ್ಲಿಯೇ ಸಂಶೋಧನೆ ನಡೆಸಬೇಕೆಂದು ಕಮಲಾ ಅರ್ಜಿ ಸಲ್ಲಿಸಿದರು. ನೊಬೆಲ್ ಪುರಸ್ಕೃತ ವಿಜ್ಞಾನಿ ಸಿ.ವಿ. ರಾಮನ್ ಅವರು ಸಂಸ್ಥೆಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡ ವರ್ಷವದು. ಅಂಕಗಳ ದೃಷ್ಟಿಯಿಂದ ಅರ್ಹತೆಗೆ ಯಾವ ಕೊರತೆಯೂ ಇಲ್ಲದಿದ್ದರೂ, ಮಹಿಳೆಯರು ಸಂಶೋಧನೆಗೆ ಸಮರ್ಥರಲ್ಲವೆಂಬ ಕಾರಣದಿಂದ ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾಗಿದ್ದ ಕಮಲಾ ಈ ನಿರ್ಧಾರವನ್ನು ಒಪ್ಪದೆ ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಮುಂದಾದರು.

ಕೊನೆಗೆ ಷರತ್ತುಗಳೊಂದಿಗೆ ಅವರಿಗೆ ಪ್ರವೇಶ ದೊರೆಯಿತು. ಮೊದಲ ವರ್ಷ ಅವರನ್ನು ಪೂರ್ಣಪ್ರಮಾಣದ ವಿದ್ಯಾರ್ಥಿಯೆಂದು ಪರಿಗಣಿಸುವಂತಿರಲಿಲ್ಲ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಪ್ರವೇಶ ಖಾಯಂ ಆಗುತ್ತಿತ್ತು. ಮಾರ್ಗದರ್ಶಕರು ಸೂಚಿಸಿದರೆ ತಡರಾತ್ರಿಯವರೆಗೂ ದುಡಿಯಬೇಕಿತ್ತು. ಅವರ ಇರುವಿಕೆಯಿಂದ ಪುರುಷ ಸಂಶೋಧಕರ ಗಮನ ಚದುರಬಾರದೆಂಬುದೂ ಒಂದು ಷರತ್ತಾಗಿತ್ತು. ಕಮಲಾ ಇವುಗಳನ್ನು ಒಪ್ಪಿಕೊಂಡರಾದರೂ ಅದರಿಂದಾದ ಅವಮಾನವನ್ನು ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿಯಾಗಿದ್ದರೂ ಮಹಿಳೆಯರ ವಿಷಯದಲ್ಲಿ ಅವರ ದೃಷ್ಟಿ ಸಂಕುಚಿತವಾಗಿತ್ತೆಂದು ದಶಕಗಳ ನಂತರವೂ ಅವರು ಸಾರ್ವಜನಿಕವಾಗಿ ಹೇಳುತ್ತಿದ್ದರು.

ಸಂಸ್ಥೆಯಲ್ಲಿ ಅವರಿಗೆ ಎಂ. ಶ್ರೀನಿವಾಸಯ್ಯ ಅವರು ಮಾರ್ಗದರ್ಶಕರಾದರು. ಶಿಸ್ತಿಗೆ ಹೆಸರಾಗಿದ್ದ ಶ್ರೀನಿವಾಸಯ್ಯನವರ ಕೈಕೆಳಗೆ ಕಮಲಾ ಹಾಲು, ಬೇಳೆ ಮತ್ತು ಕಾಳುಗಳಲ್ಲಿರುವ ಪ್ರೋಟೀನ್‌ಗಳನ್ನು ಅಧ್ಯಯನ ಮಾಡಿದರು. ಒಂದು ವರ್ಷದ ಕೆಲಸವನ್ನು ಕಂಡ ರಾಮನ್ ಅವರ ಪ್ರವೇಶವನ್ನು ಖಾಯಂಗೊಳಿಸಿದರು. ಆನಂತರ ಸಂಸ್ಥೆಯ ಬಾಗಿಲು ಇತರ ಮಹಿಳೆಯರಿಗೂ ತೆರೆಯಿತು. ಹವಾಮಾನ ವಿಜ್ಞಾನಿ ಅಣ್ಣಾ ಮಣಿ, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಮುಂತಾದವರು 1940ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದರು. ಕಮಲಾ 1936ರಲ್ಲಿ ತಮ್ಮ ಸಂಶೋಧನೆಗಾಗಿ ಬಾಂಬೆ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಪದವಿ ಪಡೆದರು.

ಕೇಂಬ್ರಿಡ್ಜ್ ಮತ್ತು ಸೈಟೋಕ್ರೋಮ್ ಸಿ

1937ರಲ್ಲಿ ಕಮಲಾ ಉನ್ನತ ಸಂಶೋಧನೆಗಾಗಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ವಿಟಮಿನ್‌ಗಳ ಕುರಿತ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡಿದ್ದ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಮೊದಲು ಡೆರೆಕ್ ರಿಕ್ಟರ್ ಅವರೊಂದಿಗೆ, ನಂತರ ಸಸ್ಯ ಜೀವರಸಾಯನ ವಿಜ್ಞಾನಿ ರಾಬಿನ್ ಹಿಲ್ ಅವರೊಂದಿಗೆ ಕೆಲಸ ಮಾಡಿದರು.

ಜೀವಕೋಶದ ಉಸಿರಾಟಕ್ಕೆ ಸಂಬಂಧಿಸಿದ ಸೈಟೋಕ್ರೋಮ್ ಎಂಬ ಬಣ್ಣದ ಪ್ರೋಟೀನ್‌ಗಳನ್ನು 1925ರಲ್ಲಿ ಕೇಂಬ್ರಿಡ್ಜಿನಲ್ಲಿಯೇ ಡೇವಿಡ್ ಕೀಲಿನ್ ವಿವರಿಸಿ ಹೆಸರಿಸಿದ್ದರು. ಆಲೂಗಡ್ಡೆಯನ್ನು ಅಧ್ಯಯನ ಮಾಡುತ್ತಿದ್ದ ಕಮಲಾ ಅದರಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಗುರುತಿಸಿ, ಸಸ್ಯ ಅಂಗಾಂಶದ ಪ್ರತಿಯೊಂದು ಜೀವಕೋಶದಲ್ಲಿಯೂ ಅದು ಇದೆಯೆಂದು ತೋರಿಸಿದರು. ಸಸ್ಯಗಳೂ ಪ್ರಾಣಿಗಳೂ ಉಸಿರಾಟಕ್ಕೆ ಒಂದೇ ಬಗೆಯ ರಾಸಾಯನಿಕ ವ್ಯವಸ್ಥೆಯನ್ನು ಅವಲಂಬಿಸಿವೆ ಎಂಬ ತಿಳಿವಳಿಕೆಗೆ ಇದು ಬಲ ನೀಡಿತು. ಕೇಂಬ್ರಿಡ್ಜ್ ತಲುಪಿದ 14 ತಿಂಗಳೊಳಗೆ ಅವರು ಸಲ್ಲಿಸಿದ ಮಹಾಪ್ರಬಂಧ ಸುಮಾರು 40 ಪುಟಗಳಷ್ಟು ಚಿಕ್ಕದಾಗಿತ್ತು. 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ಲಭಿಸಿತು.

ಈ ವಿಷಯದ ಮಹತ್ವ

ಸೈಟೋಕ್ರೋಮ್ ಸಿ ಕಬ್ಬಿಣದ ಅಂಶವುಳ್ಳ ಚಿಕ್ಕ ಪ್ರೋಟೀನ್. ಮೈಟೊಕಾಂಡ್ರಿಯದಲ್ಲಿ ನಡೆಯುವ ಉಸಿರಾಟ ಸರಪಳಿಯಲ್ಲಿ ಅದು ಎಲೆಕ್ಟ್ರಾನ್‌ಗಳನ್ನು ಒಂದು ಕಿಣ್ವ ಸಮೂಹದಿಂದ ಮತ್ತೊಂದಕ್ಕೆ ಸಾಗಿಸುತ್ತದೆ. ಸರಪಳಿಯ ಕೊನೆಯಲ್ಲಿ ಆಮ್ಲಜನಕದ ಪ್ರತಿಯೊಂದು ಅಣುವೂ ನಾಲ್ಕು ಎಲೆಕ್ಟ್ರಾನ್‌ಗಳನ್ನು ಪಡೆದು ನೀರಾಗುತ್ತದೆ. ನಡುವೆ ಎಲ್ಲಾದರೂ ಒಂದೇ ಎಲೆಕ್ಟ್ರಾನ್ ಸೋರಿ ಆಮ್ಲಜನಕವನ್ನು ಸೇರಿದರೆ ಸೂಪರ್‌ಆಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ ಉಂಟಾಗುತ್ತದೆ.

ಇಂತಹ ರ‍್ಯಾಡಿಕಲ್‌ಗಳು ಆಮ್ಲಜನಕದ ವಿಷಪರಿಣಾಮಕ್ಕೆ ಕಾರಣವೆಂದು 1954ರಲ್ಲಿ ರೆಬೆಕಾ ಗೆರ್ಷ್‌ಮನ್, ಮುಪ್ಪಿಗೆ ಕಾರಣವೆಂದು 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಪ್ರತಿಪಾದಿಸಿದರು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಸೂಪರ್‌ಆಕ್ಸೈಡನ್ನು ನಿವಾರಿಸುವ ಕಿಣ್ವವನ್ನು ಪತ್ತೆಹಚ್ಚಿದಾಗ ಅದನ್ನು ಅಳೆಯಲು ಬಳಸಿದ್ದು ಸೈಟೋಕ್ರೋಮ್ ಸಿಯನ್ನೇ. ಮೈಟೊಕಾಂಡ್ರಿಯದಿಂದ ಹೊರಬಂದ ಸೈಟೋಕ್ರೋಮ್ ಸಿ ಜೀವಕೋಶದ ನಿಯಂತ್ರಿತ ಸಾವಿಗೆ ಸೂಚನೆ ನೀಡುತ್ತದೆಂಬುದು 1996ರಲ್ಲಿ ತಿಳಿದುಬಂದಿತು. ಫ್ರೀ ರ‍್ಯಾಡಿಕಲ್‌ಗಳ ಕುರಿತ ಈ ಅಧ್ಯಯನಗಳು ಕಮಲಾ ಅವರ ಕೇಂಬ್ರಿಡ್ಜ್ ದಿನಗಳ ನಂತರದವು. ಆದರೆ ಅವರು ಸಸ್ಯಗಳಲ್ಲಿ ಗುರುತಿಸಿದ ಪ್ರೋಟೀನ್ ಮುಂದೆ ರೋಗ ಮತ್ತು ಮುಪ್ಪಿನ ಜೀವರಸಾಯನದಲ್ಲಿಯೂ ಪ್ರಮುಖ ಸ್ಥಾನ ಪಡೆಯಿತು.

ಭಾರತದಲ್ಲಿ ವೃತ್ತಿಜೀವನ

1939ರಲ್ಲಿ ಸ್ವದೇಶಕ್ಕೆ ಮರಳಿದ ಕಮಲಾ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಬಳಿಕ ಕೂನೂರಿನ ಪೌಷ್ಟಿಕಾಹಾರ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಪರಿಣಾಮವನ್ನು ಅಧ್ಯಯನ ಮಾಡಿದರು. 1947ರಲ್ಲಿ ವಿಮಾಗಣಕ ಎಂ.ವಿ. ಸೊಹೊನಿ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನದ ಪ್ರಾಧ್ಯಾಪಕಿಯಾದರು.

ಮುಂಬಯಿಯಲ್ಲಿ ಅವರು ಮತ್ತು ಅವರ ವಿದ್ಯಾರ್ಥಿಗಳು ಬಡವರ ದಿನನಿತ್ಯದ ಆಹಾರವನ್ನೇ ಸಂಶೋಧನೆಯ ವಸ್ತುವಾಗಿ ಆರಿಸಿಕೊಂಡರು. ಕಾಳುಗಳಲ್ಲಿರುವ, ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಟ್ರಿಪ್ಸಿನ್ ಪ್ರತಿಬಂಧಕಗಳ ಬಗ್ಗೆ ಅವರು ನಡೆಸಿದ ಅಧ್ಯಯನ ಗಮನಾರ್ಹವಾದುದು.

ಅವರ ಹೆಸರನ್ನು ಜನಸಾಮಾನ್ಯರಿಗೆ ತಲುಪಿಸಿದ್ದು ನೀರಾ ಕುರಿತ ಕೆಲಸ. ತಾಳೆ ಜಾತಿಯ ಮರಗಳ ಹೂಗೊನೆಯಿಂದ ಇಳಿಸಿ, ಹುಳಿಯುವ ಮೊದಲೇ ಕುಡಿಯುವ ಸಿಹಿ ರಸವೇ ನೀರಾ. ಹುಳಿತರೆ ಅದು ಹೆಂಡವಾಗುತ್ತದೆ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ಇದನ್ನು ಪರೀಕ್ಷಿಸಿ, ಅದರಲ್ಲಿ ವಿಟಮಿನ್‌ಗಳೂ ಕಬ್ಬಿಣದ ಅಂಶವೂ ಗಣನೀಯವಾಗಿವೆಯೆಂದು ಕಂಡುಕೊಂಡರು. ನೀರಾದಿಂದ ತಯಾರಿಸಿದ ಬೆಲ್ಲದಲ್ಲಿಯೂ ಪೋಷಕಾಂಶಗಳು ಉಳಿಯುತ್ತವೆಂದು ಮುಂದಿನ ಅಧ್ಯಯನಗಳು ತಿಳಿಸಿದವು. ಬುಡಕಟ್ಟು ಸಮುದಾಯಗಳ ಅಪೌಷ್ಟಿಕ ಹದಿಹರೆಯದವರು ಮತ್ತು ಗರ್ಭಿಣಿಯರ ಆಹಾರದಲ್ಲಿ ನೀರಾ ಸೇರಿಸಿದಾಗ ಅವರ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕಾಗಿ ಕಮಲಾ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಆರೇ ಹಾಲು ಯೋಜನೆಗೆ ಗುಣಮಟ್ಟ ಸುಧಾರಣೆಯ ಬಗ್ಗೆಯೂ ಅವರು ಸಲಹೆ ನೀಡಿದರು.

ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕ ಹುದ್ದೆಗೆ ಅರ್ಹರಾಗಿದ್ದರೂ ಅದು ಅವರಿಗೆ ದೊರೆತದ್ದು ವರ್ಷಗಳ ವಿಳಂಬದ ನಂತರ. ಪ್ರವೇಶದ ದಿನ ಎದುರಾದ ತಾರತಮ್ಯವು ನೇಮಕಾತಿಯಲ್ಲಿಯೂ ಮುಂದುವರಿದಿತ್ತು.

ಗ್ರಾಹಕ ಚಳವಳಿ ಮತ್ತು ಕೊನೆಯ ದಿನಗಳು

ನಿವೃತ್ತಿಯ ನಂತರ ಕಮಲಾ ತಮ್ಮ ಜ್ಞಾನವನ್ನು ಅಡುಗೆಮನೆಯ ಕಡೆಗೆ ತಿರುಗಿಸಿದರು. 1966ರಲ್ಲಿ ಸ್ಥಾಪನೆಯಾದ ಕನ್‌ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯ ಸಕ್ರಿಯ ಸದಸ್ಯೆಯಾಗಿದ್ದು, 1982–83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಸ್ಥೆಯ ಕೀಮತ್ ಪತ್ರಿಕೆಗೆ ಗ್ರಾಹಕರ ಸುರಕ್ಷತೆಯ ಕುರಿತು ಲೇಖನಗಳನ್ನು ಬರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕಿಯಾಗಿದ್ದ ಜಿ.ವಿ. ಸತ್ಯವತಿ ಅವರ ಆಸಕ್ತಿಯಿಂದ ಇಳಿವಯಸ್ಸಿನಲ್ಲಿ ದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಟ್ಟಿತು. ಕಮಲಾ 1998ರಲ್ಲಿ ನಿಧನರಾದರು. ಅವರ 112ನೆಯ ಜನ್ಮದಿನವಾದ 2023ರ ಜೂನ್ 18ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಪ್ರಕಟಿಸಿ ಗೌರವ ಸಲ್ಲಿಸಿತು.